ಔಷಧವೂ ಅನ್ನವೂ

(ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯದ 35ರಿಂದ 43ರ ವರೆಗಿನ ವಚನಗಳನ್ನು ಮೊದಲು ಓದಿಕೊಳ್ಳಿರಿ.)



ಸಭಾಮಂದಿರದ ಅಧಿಕಾರಿಯಾದ ಯಾಯೀರನ ಮನೆಯಲ್ಲಿ ನಡೆದ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಹನ್ನೆರಡು ವರುಷದ ಹುಡುಗಿಯು ಸತ್ತು ಮಲಗಿದ್ದಳು. ಅಳುವವರ ಗದ್ದಲವು ಮನೆಯನ್ನು ತುಂಬಿತ್ತು. ಕರ್ತನು ಒಳಗೆ ಹೋಗಿ ಆಕೆಯ ಕೈಹಿಡಿದು ಎಬ್ಬಿಸಿದನು. ಆಕೆ ಎದ್ದು ನಡೆದಾಡಿದಳು, ನೋಡಿದವರು ಬೆರಗಾದರು. ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಆದರೆ ಸುವಾರ್ತಿಕನು ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಕರ್ತನೊಬ್ಬನೇ ಆ ಮಗುವಿನ ಹಸಿವನ್ನು ನೆನೆದು, ಆಕೆಗೆ ತಿನ್ನುವದಕ್ಕೆ ಏನಾದರೂ ಕೊಡಬೇಕೆಂದು ಅಪ್ಪಣೆಮಾಡಿದನು. ಮರಣವನ್ನು ಗೆದ್ದ ಸ್ವಾಮಿಗೆ ಒಂದು ತುತ್ತು ಆಹಾರವು ಅಲ್ಪವಾದ ಸಂಗತಿಯಾಗಿ ಕಾಣಲಿಲ್ಲ. ಎಬ್ಬಿಸುವ ಕೆಲಸವನ್ನು ತಾನು ಮಾಡಿ, ಉಣ್ಣಿಸುವ ಕೆಲಸವನ್ನು ಮನೆಯವರ ಕೈಗೆ ಒಪ್ಪಿಸಿದನು.

ಈ ಕಡೆಯ ಅಪ್ಪಣೆಯನ್ನು ಹಿಡಿದುಕೊಂಡು ಕ್ಷಯರೋಗದ ವಿಷಯವಾಗಿ ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ. ಈ ರೋಗವು ಹಳೆಯದು. ಆದರೆ ಹೋಗಿಬಿಟ್ಟ ರೋಗವಲ್ಲ. 2023ರಲ್ಲಿ ಲೋಕದಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರು ಇದಕ್ಕೆ ಗುರಿಯಾದರು. ಸುಮಾರು 12 ಲಕ್ಷ 50 ಸಾವಿರ ಜನರು ಸತ್ತರು. ಆ ರೋಗಿಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವರು ನಮ್ಮ ದೇಶದವರು.

ಈ ರೋಗಕ್ಕೆ ಕಾರಣವೇನು? ಪೂರ್ವಜನರ ಪಾಪವೆಂದು ಕೆಲವರು, ಮಾಟವೆಂದು ಕೆಲವರು ಇಂದಿಗೂ ಪಿಸುಗುಟ್ಟುತ್ತಾರೆ. ಹುಟ್ಟುಕುರುಡನನ್ನು ಕಂಡು ಶಿಷ್ಯರೂ ಇಂಥದೇ ಪ್ರಶ್ನೆಯನ್ನು ಕೇಳಿದರು. ಅವನ ಪಾಪವೂ ಅವನ ತಂದೆತಾಯಿಗಳ ಪಾಪವೂ ಕಾರಣವಲ್ಲವೆಂದು ಕರ್ತನು ಅವರ ಬಾಯಿಮುಚ್ಚಿಸಿದನು. ಕ್ಷಯಕ್ಕೆ ಕಾರಣವು ಕಣ್ಣಿಗೆ ಕಾಣದ ಒಂದು ಕ್ರಿಮಿ. ಜರ್ಮನಿಯ ವೈದ್ಯನಾದ ರಾಬರ್ಟ್ ಕಾಖ್ ಎಂಬವನು 1882ರ ಮಾರ್ಚ್ 24ರಂದು ಬರ್ಲಿನ್ ಪಟ್ಟಣದಲ್ಲಿ ಇದನ್ನು ಪ್ರಕಟಿಸಿದನು. ಶ್ವಾಸಕೋಶದ ಕ್ಷಯವುಳ್ಳವನು ಕೆಮ್ಮಿದಾಗ ಈ ಕ್ರಿಮಿಯು ಗಾಳಿಯಲ್ಲಿ ತೇಲಿ ಇನ್ನೊಬ್ಬರ ಉಸಿರಿನೊಳಗೆ ಸೇರುವದು. ತಟ್ಟೆಲೋಟಗಳಿಂದಾಗಲಿ, ಕೈಮುಟ್ಟುವದರಿಂದಾಗಲಿ, ಒಂದೇ ಪಾತ್ರೆಯಲ್ಲಿ ಬೇಯಿಸಿದ ಅನ್ನದಿಂದಾಗಲಿ ಇದು ಹರಡುವದಿಲ್ಲ.

ಕ್ರಿಮಿಯು ಒಳಹೊಕ್ಕವರೆಲ್ಲರೂ ರೋಗಿಗಳಾಗುವದಿಲ್ಲ. ಹೆಚ್ಚಿನವರ ದೇಹದಲ್ಲಿ ಅದು ನಿದ್ದೆಹೋದಂತೆ ಬಿದ್ದಿರುವದು. ದೇವರು ನಮ್ಮ ರಕ್ತದಲ್ಲಿಯೇ ಕಾವಲುಗಾರರನ್ನು ಇಟ್ಟಿದ್ದಾನೆ. ಅವರು ಅದನ್ನು ಸುತ್ತುಗಟ್ಟಿ ಅಡಗಿಸುತ್ತಾರೆ. ಆದರೆ ಕೂಲಿಯೂ ಊಟವೂ ಇಲ್ಲದ ಕಾವಲುಗಾರನು ಎಷ್ಟು ರಾತ್ರಿ ಎಚ್ಚರವಾಗಿರುವನು? ಹಸಿವೆಯಿಂದ ಮೈ ಸೊರಗಿದಾಗ ಆ ಕಾವಲು ಸಡಿಲವಾಗುವದು; ಮಲಗಿದ್ದ ಕ್ರಿಮಿಯು ಏಳುವದು. ಸಕ್ಕರೆರೋಗ, ಹೊಗೆಸೊಪ್ಪು, ಮದ್ಯಪಾನ ಇವೂ ಆ ಕಾವಲನ್ನು ಕೆಡಿಸುತ್ತವೆ.

ಈಗ ಎರಡು ಪರೀಕ್ಷೆಗಳ ಸಂಗತಿಯನ್ನು ಕೇಳಿರಿ. ಮೊದಲನೆಯದು ಮದ್ರಾಸಿನಲ್ಲಿ, ಅಂದರೆ ಈಗಿನ ಚೆನ್ನೈ ಪಟ್ಟಣದಲ್ಲಿ, 1956ರಲ್ಲಿ ಆರಂಭವಾಯಿತು. ಆ ಕಾಲದಲ್ಲಿ ಕ್ಷಯರೋಗಿಯನ್ನು ಮನೆಯಿಂದ ಬಿಡಿಸಿ ದೂರದ ಆರೋಗ್ಯಧಾಮದಲ್ಲಿ ಇಡುವ ಪದ್ಧತಿ ಇತ್ತು. ಮದ್ರಾಸಿನ ವೈದ್ಯರು ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ, ಕೆಲವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಇಟ್ಟು ಒಂದೇ ಔಷಧವನ್ನು ಕೊಟ್ಟರು. 1959ರಲ್ಲಿ ಫಲವು ಪ್ರಕಟವಾಯಿತು. ಮನೆಯಲ್ಲಿದ್ದವರ ಊಟವು ಕಡಿಮೆಯಾಗಿದ್ದರೂ ಅವರು ಹೆಚ್ಚುಕಡಿಮೆ ಸಮವಾಗಿಯೇ ಗುಣಹೊಂದಿದರು. ಜೊತೆಯಲ್ಲಿ ವಾಸಿಸಿದ ಮನೆಯವರಿಗೂ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲ. ಹಾಗಾದರೆ ಔಷಧವನ್ನು ತಪ್ಪದೆ ತಿನ್ನುವ ರೋಗಿಯನ್ನು ಮನೆಯಿಂದ ಹೊರಡಿಸಲು ನಮಗೆ ಯಾವ ನೆವವೂ ಉಳಿಯಲಿಲ್ಲ.

ಇದರಿಂದ ಔಷಧದ ಬಲವು ತೋರಿಬಂತು. ಆದರೆ ಔಷಧವಿದ್ದರೆ ಸಾಕು, ಅನ್ನದ ಚಿಂತೆ ಬೇಡವೆಂಬ ಭಾವನೆಯೂ ಬೆಳೆಯಿತು. ಈ ಭಾವನೆಯನ್ನು ಎರಡನೆಯ ಪರೀಕ್ಷೆಯು ತಿದ್ದಿತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಅನುರಾಗ್ ಭಾರ್ಗವ, ಡಾಕ್ಟರ್ ಮಾಧವಿ ಭಾರ್ಗವ ಎಂಬವರು ಚೆನ್ನೈಯ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯವರೊಡನೆ ಕೂಡಿ, 2019ರಲ್ಲಿ ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ಇದನ್ನು ಆರಂಭಿಸಿದರು. ಶ್ವಾಸಕೋಶದ ಕ್ಷಯವುಳ್ಳ 2,800 ಮಂದಿಯನ್ನು ಆರಿಸಿಕೊಂಡರು. ಅವರಲ್ಲಿ ಐವರಿಗೆ ನಾಲ್ವರಿಗಿಂತಲೂ ಹೆಚ್ಚಿನವರು ಊಟ ಸಾಲದೆ ಸೊರಗಿದವರು. ಎಲ್ಲಾ ರೋಗಿಗಳಿಗೂ ಔಷಧದ ಸಂಗಡ ಆರು ತಿಂಗಳ ವರೆಗೆ, ತಿಂಗಳಿಗೆ 10 ಕಿಲೋ ಆಹಾರವನ್ನು ಕೊಟ್ಟರು: ಅಕ್ಕಿ, ಬೇಳೆಕಾಳು, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಕಡೆಗಳಲ್ಲಿ ರೋಗಿಯ ಮನೆಯವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿಯನ್ನೂ ಒಂದೂವರೆ ಕಿಲೋ ಬೇಳೆಯನ್ನೂ ಕೊಟ್ಟರು. ಹೀಗೆ 10,345 ಮಂದಿ ಮನೆಯವರನ್ನು ಗಮನಿಸಿದರು.

ಫಲವು 2023ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಅಕ್ಕಿಬೇಳೆಯನ್ನು ಹೊಂದಿದ ಮನೆಯವರಲ್ಲಿ ಕ್ಷಯವು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಇತರರಿಗೆ ಹರಡುವಂಥ ಶ್ವಾಸಕೋಶದ ಕ್ಷಯವು ನೂರಕ್ಕೆ 48ರಷ್ಟು, ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಕಡಿಮೆಯಾಯಿತು. ರೋಗಿಗಳ ವಿಷಯದಲ್ಲಿಯೂ ಒಂದು ಸಂಗತಿ ಕಂಡುಬಂತು. ಮೊದಲ ಎರಡು ತಿಂಗಳಲ್ಲಿ ಯಾರ ತೂಕವು ನೂರಕ್ಕೆ ಐದರಷ್ಟು ಏರಿತೋ ಅವರಿಗೆ ಮರಣದ ಅಪಾಯವು ನೂರಕ್ಕೆ 61ರಷ್ಟು ಕಡಿಮೆಯಾಗಿತ್ತು. ನಲವತ್ತು ಕಿಲೋ ತೂಗುವವನಿಗೆ ಇದು ಎರಡು ಕಿಲೋ ಮಾತ್ರ.

ಪ್ರಿಯರೇ, ಇದನ್ನು ಓದಿದಾಗ ಯಾಯೀರನ ಮನೆಯು ನನ್ನ ಕಣ್ಣಮುಂದೆ ನಿಂತಿತು. ಕರ್ತನ ಅಪ್ಪಣೆಯಲ್ಲಿ ಎಷ್ಟು ಕನಿಕರವಿತ್ತೋ ಅಷ್ಟು ವಿವೇಕವೂ ಇತ್ತು.

ಈಗ ನಮ್ಮ ಮನೆಗಳ ಕಡೆಗೆ ತಿರುಗೋಣ. ರೋಗವೆಂದು ತಿಳಿದ ದಿನವೇ ತಟ್ಟೆಯನ್ನು ಬೇರೆಮಾಡುವ ಮನೆಗಳು ನಮ್ಮ ಸಭೆಗಳಲ್ಲಿಯೂ ಉಂಟು. ಜಗಲಿಯ ಮೂಲೆಯಲ್ಲಿ ಚಾಪೆ, ದೂರದಿಂದ ಸುರಿಯುವ ನೀರು. ಮುಟ್ಟುಮೈಲಿಗೆಯನ್ನು ಬಿಟ್ಟುಬಂದೆವೆಂದು ಸಾಕ್ಷಿ ಹೇಳುವ ನಾವು ಅದನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆಯಬಹುದೋ? ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗಾರರಾದವರು, ಸ್ವಂತ ಮನೆಯ ಊಟದಲ್ಲಿ ಸಹೋದರನನ್ನು ತಳ್ಳಿಬಿಡಬಹುದೋ? ಕೆಮ್ಮುವಾಗ ಬಟ್ಟೆಯನ್ನು ಅಡ್ಡ ಹಿಡಿಯಲಿ, ಕಿಟಕಿಬಾಗಿಲುಗಳು ತೆರೆದಿರಲಿ. ತಟ್ಟೆಯು ಮಾತ್ರ ಎಲ್ಲರ ಸಂಗಡ ಇರಲಿ.

ಇನ್ನೊಬ್ಬಳನ್ನು ನಾವು ಮರೆತುಬಿಡುತ್ತೇವೆ. ಗಂಡನು ರೋಗದಿಂದ ಮಲಗಿರುವ ಮನೆಯ ಸೊಸೆಯನ್ನು ನೆನೆಯಿರಿ. ಅವನಿಗೆ ಮೊಟ್ಟೆ ಬೇಯಿಸಿಕೊಡುವವಳು ಅವಳೇ. ರಾತ್ರಿ ಕೆಮ್ಮಿದಾಗ ಬಳಿಯಲ್ಲಿ ಕೂತಿರುವವಳು ಅವಳೇ. ಅವನ ಕೂಲಿ ನಿಂತದ್ದರಿಂದ ಹೊಲಕ್ಕೆ ಹೋಗುವವಳೂ ಅವಳೇ. ಅತ್ತೆಮಾವಂದಿರೂ ಮಕ್ಕಳೂ ಉಂಡ ಮೇಲೆ ಗಡಿಗೆಯ ತಳದಲ್ಲಿ ಉಳಿದದ್ದೇ ಅವಳ ಪಾಲು. ಉಳಿಯದಿದ್ದರೆ ನೀರು ಕುಡಿದು ಮಲಗುತ್ತಾಳೆ. ಮುಂದಿನ ವರುಷ ಅದೇ ಚಾಪೆಯ ಮೇಲೆ ಅವಳು ಮಲಗಿದರೆ, ಅದು ದೈವಚಿತ್ತವೆಂದು ನಾವು ಹೇಳಬಹುದೋ? ಜಾರ್ಖಂಡಿನ ಅಕ್ಕಿಬೇಳೆಯು ಕಾಪಾಡಿದ್ದು ಇಂಥವರನ್ನೇ. ಅತ್ತೆಯವರೇ, ಇಂದಿನಿಂದ ಸೊಸೆಯನ್ನು ನಿಮ್ಮ ಪಕ್ಕದಲ್ಲಿ ಕೂಡ್ರಿಸಿಕೊಂಡು ಉಣ್ಣಿರಿ. ಇದೂ ಒಂದು ರೋಗನಿವಾರಣೆಯೇ.

ಪ್ರಾರ್ಥನೆಯೊಂದೇ ಸಾಲದೋ ಎಂದು ಕೆಲವರು ಕೇಳುವರು. ಹಿಜ್ಕೀಯ ಅರಸನ ಕಣ್ಣೀರನ್ನು ನೋಡಿ ದೇವರು ಅವನ ಪ್ರಾರ್ಥನೆಯನ್ನು ಲಾಲಿಸಿದನು. ಆದರೂ ಪ್ರವಾದಿಯಾದ ಯೆಶಾಯನು ಅಂಜೂರದ ಹಣ್ಣನ್ನು ಹುಣ್ಣಿಗೆ ಕಟ್ಟಿಸಿದನು. ಪ್ರಾರ್ಥನೆಮಾಡಿರಿ, ಮಾಡಿ ಎದ್ದು ಆಸ್ಪತ್ರೆಗೆ ನಡೆಯಿರಿ. ಒಳ್ಳೆಯ ಊಟವಿದ್ದರೆ ಔಷಧವು ಬೇಡವೋ ಎಂದು ಬೇರೆ ಕೆಲವರು ಕೇಳುವರು. ಅನ್ನವು ಕಾವಲನ್ನು ಬಲಪಡಿಸುವದು; ಕ್ರಿಮಿಯನ್ನು ಕೊಲ್ಲುವದು ಔಷಧವೇ. ಸಾಧಾರಣ ಕ್ಷಯಕ್ಕೆ ಆರು ತಿಂಗಳ ಔಷಧವುಂಟು. ಎರಡು ತಿಂಗಳಲ್ಲಿ ಮೈ ಹಗುರವಾಯಿತೆಂದು ನಡುವೆ ಬಿಟ್ಟವನಲ್ಲಿ ಕ್ರಿಮಿಯು ಔಷಧಕ್ಕೆ ಬಗ್ಗದಂತೆ ಗಟ್ಟಿಯಾಗಿ ಹಿಂತಿರುಗಬಹುದು.

ಎರಡು ವಾರ ಬಿಡದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಇಳಿಯುವ ತೂಕ, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಅಡಗಿಸಬೇಡಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಧರ್ಮಾರ್ಥವಾಗಿ ಸಿಕ್ಕುತ್ತವೆ. ಒಬ್ಬರಿಗೆ ರೋಗವಿದ್ದರೆ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಲಿ. ರೋಗವಿಲ್ಲದವರಿಗೂ ಅದು ಬಾರದಂತೆ ತಡೆಯುವ ಮಾತ್ರೆಗಳುಂಟು, ವೈದ್ಯರನ್ನು ಕೇಳಿರಿ. ಚಿಕಿತ್ಸೆಯ ಕಾಲದಲ್ಲಿ ಆಹಾರಕ್ಕಾಗಿ ಸರ್ಕಾರವು 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್ 1ರಿಂದ ಅದನ್ನು 1,000 ರೂಪಾಯಿಗೆ ಏರಿಸಿತು. ಓದುಬರಹ ಬಲ್ಲ ಯೌವನಸ್ಥರು ರೋಗಿಯ ಸಂಗಡ ಹೋಗಿ, ಬ್ಯಾಂಕಿನ ಖಾತೆಗೆ ಆ ಹಣವು ಬರುವಂತೆ ನೋಡಿಕೊಳ್ಳಲಿ.

ನಾವೂ ಬಡವರು, ಏನು ಕೊಡಬಲ್ಲೆವು ಎನ್ನುವಿರೋ? ಸಾರೆಪ್ತದ ವಿಧವೆಯ ಬಳಿಯಲ್ಲಿ ಇದ್ದದ್ದು ಒಂದು ಹಿಡಿ ಹಿಟ್ಟು ಮಾತ್ರ. ಅಡಿಗೆಗೆ ಮುಂಚೆ ಒಂದು ಹಿಡಿ ಅಕ್ಕಿಯನ್ನು ಕರ್ತನಿಗೆಂದು ಗಡಿಗೆಯಲ್ಲಿ ಹಾಕಿಡುವ ಪದ್ಧತಿಯನ್ನು ಬಲ್ಲವರು ನಮ್ಮಲ್ಲಿ ಉಂಟಷ್ಟೆ. ಒಂದು ಹಿಡಿಯು 50 ಗ್ರಾಂ ಎಂದು ಎಣಿಸಿರಿ. ತಿಂಗಳಿಗೆ ಒಂದೂವರೆ ಕಿಲೋ ಆಗುವದು. ಹತ್ತು ಮನೆಗಳು ಕೂಡಿದರೆ 15 ಕಿಲೋ. ಜಾರ್ಖಂಡಿನ ಲೆಕ್ಕದಲ್ಲಿ ಇದು ಮೂರು ಮಂದಿಯ ಅಕ್ಕಿ. ಅಕ್ಕಿಯಿಲ್ಲದ ಸೀಮೆಯಲ್ಲಿ ರಾಗಿಯನ್ನೋ ಜೋಳವನ್ನೋ ಕೊಡಿರಿ. ಬೇಳೆಗೆ ಬದಲಾಗಿ ಹುರುಳಿಯನ್ನೋ ಅವರೆಯನ್ನೋ ಕೊಡಿರಿ. ರೋಗಿಯು ಯಾವ ಜಾತಿಯವನು, ಯಾವ ಮತದವನು ಎಂದು ವಿಚಾರಿಸಬೇಡಿರಿ. ಗಾಯಪಟ್ಟವನನ್ನು ಎತ್ತಿಕೊಂಡ ಸಮಾರ್ಯದವನು ಅದನ್ನು ವಿಚಾರಿಸಲಿಲ್ಲ.

ಕರ್ತನು ಇಂದು ನಮ್ಮ ಊರಿನ ಒಂದು ಮನೆಯಿಂದ ಹೊರಗೆ ಬಂದು, ಬಾಗಿಲಲ್ಲಿ ನಿಂತಿರುವ ನಮ್ಮನ್ನು ನೋಡುತ್ತಾನೆಂದು ಎಣಿಸಿರಿ. ವೈದ್ಯರ ಕೈಯಿಂದ ಒಬ್ಬನನ್ನು ಎಬ್ಬಿಸುವ ಕೆಲಸವನ್ನು ಆತನು ನಡಿಸುತ್ತಿದ್ದಾನೆ. ಉಣ್ಣಿಸುವ ಅಪ್ಪಣೆಯು ನಮ್ಮದಾಗಿ ಉಳಿದಿದೆ. ಆದಿತ್ಯವಾರದ ಆರಾಧನೆ ಮುಗಿದ ಮೇಲೆ ಬರಿಗೈಯಿಂದ ಮನೆಗೆ ಹೋಗದೆ, ಆ ಬಾಗಿಲನ್ನು ತಟ್ಟಿ ಒಳಗೆ ಹೋಗೋಣ. ರೋಗಿಯ ಸಂಗಡ ಕೂತು ಉಣ್ಣೋಣ. ಇದಕ್ಕೆ ಬೇಕಾದ ಪ್ರೀತಿಯನ್ನೂ ಧೈರ್ಯವನ್ನೂ ದೇವರು ನಮಗೆ ಅನುಗ್ರಹಿಸಲಿ. ಆಮೆನ್.