ಕಾವಲುಗಾರನ ಅಪರಾಧ

ಸವಡಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ತೆನೆಯು ಹಾಲು ತುಂಬಿ ನಿಂತಾಗ, ಹಕ್ಕಿ ಕಾಯುವವನು ಮಂಚಿಕೆಯೇರಿ ಕವಣೆ ಬೀಸುವನು. ಅವನ ಕಲ್ಲು ಹಕ್ಕಿಯನ್ನು ಹಾರಿಸುವುದೂ ಉಂಟು, ಗುರಿ ಮೀರಿ ಹತ್ತು ತೆನೆಗಳನ್ನು ಮುರಿಯುವುದೂ ಉಂಟು. ಹಕ್ಕಿಯಿಂದಾದ ನಷ್ಟಕ್ಕಿಂತ ಕಾವಲಿನಿಂದಾದ ನಷ್ಟವೇ ಹೆಚ್ಚಾದ ಪಕ್ಷದಲ್ಲಿ ಹೊಲದೊಡೆಯನು ಯಾರನ್ನು ದೂರಬೇಕು? ಇದೇ ವ್ಯಾಜ್ಯವು ಮನುಷ್ಯನ ಶ್ವಾಸಕೋಶದೊಳಗೂ ನಡೆಯುತ್ತದೆಂದು ಈಚಿನ ವೈದ್ಯಶಾಸ್ತ್ರವು ತೋರಿಸಿಕೊಟ್ಟಿದೆ.

ಚರ್ಮ, ಮೂಗು, ಶ್ವಾಸಮಾರ್ಗ, ಕರುಳು, ಹೀಗೆ ಹೊರಜಗತ್ತು ದೇಹವನ್ನು ಮುಟ್ಟುವ ಎಡೆಗಳಲ್ಲೆಲ್ಲ ಮಾಸ್ಟ್ ಕೋಶಗಳೆಂಬ ಸೂಕ್ಷ್ಮ ಕಾವಲುಗಾರರಿದ್ದಾರೆ. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಎಂಬ ಪಂಡಿತನು ಇವುಗಳ ಒಡಲು ತುಂಬ ಕಣಗಳಿರುವುದನ್ನು ಕಂಡು, ಇವು ಚೆನ್ನಾಗಿ ಉಂಡು ಕೊಬ್ಬಿದ ಕೋಶಗಳೆಂದು ಭಾವಿಸಿ ಆ ಹೆಸರನ್ನಿಟ್ಟನು. ಪಾಪ, ಅದು ಅನ್ನವಲ್ಲ, ಆಯುಧ! ಆ ಕಣಗಳಲ್ಲಿ ಹಿಸ್ಟಮಿನ್ ಎಂಬ ದ್ರವ್ಯವಿದೆ. ಅದು ಹೊರಬಿದ್ದೊಡನೆ ಸೂಕ್ಷ್ಮ ರಕ್ತನಾಳಗಳು ಸಡಿಲಗೊಂಡು ನೀರು ಒಸರುತ್ತದೆ, ಶ್ವಾಸನಾಳಗಳು ಬಿಗಿಯುತ್ತವೆ, ಸೀನು ಬರುತ್ತದೆ. ಮಿತವಾಗಿದ್ದರೆ ಇದು ಉಪಕಾರವೇ; ಬಿಳಿಯ ರಕ್ತಕಣಗಳು ಶತ್ರುವಿರುವಲ್ಲಿಗೆ ತಲುಪಲು ದಾರಿಯಾಗುತ್ತದೆ. ಮಿತಿಮೀರಿದರೆ ಗಾಳಿ ತುಂಬಬೇಕಾದ ಪುಪ್ಫುಸದಲ್ಲಿ ನೀರು ತುಂಬುತ್ತದೆ.

ಇಲ್ಲೊಂದು ವಿಚಿತ್ರವುಂಟು. 1910ರಲ್ಲಿ ಹೆನ್ರಿ ಡೇಲ್‌ನೊಡನೆ ಹಿಸ್ಟಮಿನ್ನಿನ ಗುಣಗಳನ್ನು ಪರೀಕ್ಷಿಸಿ ಪ್ರಕಟಿಸಿದ ಪ್ಯಾಟ್ರಿಕ್ ಲೇಯ್ಡ್‌ಲಾನೇ, 1933ರಲ್ಲಿ ಮನುಷ್ಯರಲ್ಲಿನ ಇನ್‌ಫ್ಲುಯೆಂಜಾ ವೈರಸ್ಸನ್ನು ಬೇರ್ಪಡಿಸಿದ ಮೂವರಲ್ಲಿ ಒಬ್ಬನು. ಕಳ್ಳನೂ ಕಾವಲುಗಾರನ ಕವಣೆಯೂ ಒಂದೇ ಕೈಯಲ್ಲಿದ್ದುವು. ಅವೆರಡರ ಸಂಬಂಧವು ತಿಳಿಯಲು ಇನ್ನೂ ಅನೇಕ ದಶಕಗಳು ಬೇಕಾದುವು.

1918ರ ಆ ಮಹಾಮಾರಿಯನ್ನು ಈ ನಾಡು ಮರೆಯುವಂತಿಲ್ಲ. ಆಗ ರೋಣ ತಾಲ್ಲೂಕು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಜೂನ್ ತಿಂಗಳಲ್ಲಿ ಮುಂಬಯಿಗೆ ಬಂದ ರೋಗವು ಮಳೆಗಾಲದ ಕೊನೆಗೆ ಭೀಕರರೂಪದಿಂದ ಮರಳಿತು. ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನರು ಅಳಿದರೆಂದು ಎಣಿಕೆ. ಇಪ್ಪತ್ತರಿಂದ ನಲವತ್ತರ ಪ್ರಾಯದ ದೃಢಕಾಯರೇ ಬಹುವಾಗಿ ಮಡಿದರು. ಬಲಿಷ್ಠ ದೇಹದ ಪ್ರತೀಕಾರವು ಅತಿರೇಕಕ್ಕೆ ಹೋದದ್ದೂ ಇದಕ್ಕೊಂದು ಕಾರಣವೆಂದು ಹಲವರ ಮತ. ಆದರೆ ಆ ವರ್ಷದ ಬರ, ಹಸಿವು, ಮೇಲಿಂದ ಬಂದೆರಗಿದ ಪುಪ್ಫುಸದ ಬೇರೆ ಸೋಂಕುಗಳು ಇವನ್ನೆಲ್ಲ ಬದಿಗಿಟ್ಟು ಮಾಸ್ಟ್ ಕೋಶವೊಂದನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯವಾದೀತು.

ಕಟಕಟೆಯಲ್ಲಿ ನಿಲ್ಲಿಸಬಹುದೇ ಎಂಬುದೇ ಮೊದಲ ಪ್ರಶ್ನೆ. ‘ಬೇಲಿಯೇ ಎದ್ದು ಹೊಲ ಮೇಯಿತು’ ಎಂಬ ಗಾದೆಯನ್ನು ಇಲ್ಲಿಗೆ ತರುವವರುಂಟು, ಅದು ಸಲ್ಲದು. ಮೇಯುವ ಬೇಲಿಗೆ ಲೋಭವಿದೆ, ಈ ಕೋಶಕ್ಕೆ ಲಾಭವಿಲ್ಲ. ನೈಯಾಯಿಕರ ಮತದಲ್ಲಿ ಜ್ಞಾನ, ಮಾಡಬೇಕೆಂಬ ಇಚ್ಛೆ, ಪ್ರಯತ್ನ ಈ ಮೂರೂ ಇದ್ದವನೇ ಕರ್ತೃ. ಕೋಶದಲ್ಲಿ ಈ ಮೂರರ ಕುರುಹೂ ಇಲ್ಲ. ಆದಕಾರಣ ಹಾನಿಯುಂಟು, ಅಪರಾಧಿಯಿಲ್ಲ. ಅಪರಾಧಿಯಿಲ್ಲದ ಮೇಲೆ ದಂಡನೆಯೂ ಇಲ್ಲ. ಹಾಗೆಂದು ಕೈಕಟ್ಟಿ ಕುಳಿತಿರಬೇಕೆಂದಲ್ಲ. ಲೋಕದಲ್ಲಿ ಜನರು ತಪ್ಪುವುದು ಇಲ್ಲಿಯೇ: ನಿಗ್ರಹವನ್ನೂ ದಂಡನೆಯನ್ನೂ ಒಂದೆಂದು ತಿಳಿದು, ದೋಷಿಯು ಸಿಕ್ಕುವವರೆಗೆ ಹಾನಿಯನ್ನು ತಡೆಯರು, ಇಲ್ಲವೇ ಹಾನಿಯನ್ನು ತಡೆಯುವ ಭರದಲ್ಲಿ ನಿರ್ದೋಷಿಯನ್ನು ಶಿಕ್ಷಿಸುವರು. ತೀಕ್ಷ್ಣದಂಡನಾದ ಅರಸನಿಗೆ ಪ್ರಜೆಗಳು ನಡುಗುವರು, ಮೃದುದಂಡನನ್ನು ತಿರಸ್ಕರಿಸುವರು, ಯಥಾರ್ಹವಾಗಿ ದಂಡಿಸುವವನನ್ನು ಪೂಜಿಸುವರೆಂದು ಕೌಟಿಲ್ಯನು ಹೇಳಿದುದರ ತಾತ್ಪರ್ಯವೂ ಅಳತೆಯೇ. ಔಷಧದ ಗುಳಿಗೆಯನ್ನು ‘ಮಾತ್ರೆ’ ಎನ್ನುವ ಕನ್ನಡಿಗರು ಆ ಶಬ್ದದ ಮೂಲಾರ್ಥವು ಪ್ರಮಾಣವೆಂಬುದನ್ನು ನೆನೆಯುವುದು ಅಪರೂಪ.

2012ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ವಿವೇಕವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಹಕ್ಕಿಜ್ವರದ ವೈರಸ್ಸು ತಗುಲಿದ ಇಲಿಗಳಿಗೆ, ಮಾಸ್ಟ್ ಕೋಶವು ಸಿಡಿಯದಂತೆ ತಡೆಯುವ ಕೀಟೊಟಿಫೆನ್ ಎಂಬ ಮದ್ದನ್ನು ಕೊಡಲು ಪುಪ್ಫುಸದ ಗಾಯಗಳು ಕಡಿಮೆಯಾದುವು. ವೈರಸ್ಸನ್ನೇ ಹತ್ತಿಕ್ಕುವ ಒಸೆಲ್ಟಾಮಿವಿರ್ ಎಂಬುದನ್ನೂ ಜೊತೆಗೂಡಿಸಿದಾಗ ಆ ಇಲಿಗಳೆಲ್ಲ ಬದುಕಿದುವು. ಕಾವಲುಗಾರನ ಕೈ ಹಿಡಿದವರು ಕಳ್ಳನನ್ನೂ ಹಿಡಿದರೆಂದಾಯಿತು. ಇಲಿಯ ಮಾತು ಮನುಷ್ಯನಿಗೆ ಹಾಗೆಯೇ ಒಪ್ಪುವುದೆಂದು ನಂಬಿ, ಜ್ವರ ಬಂದೊಡನೆ ನೆಗಡಿಯ ಗುಳಿಗೆ ನುಂಗಿ ನಿಶ್ಚಿಂತನಾಗುವವನು ನಿದ್ದೆಯನ್ನು ಪಡೆದಾನು. ವೈರಸ್ಸು ಅಲ್ಲಿಯೇ ಇರುವುದು.

ಇನ್ನು, ಇಂತಹ ಕಾವಲೇ ಬೇಡವೆನ್ನುವವರಿಗೆ ಎರೆಸೀಮೆಯ ರೈತನು ತಿಳಿಯಬೇಕಾದ ಮತ್ತೊಂದು ಪ್ರಯೋಗವಿದೆ. ಮಾಸ್ಟ್ ಕೋಶಗಳಿಲ್ಲದ ಇಲಿಗಳಿಗೂ ಅವುಗಳುಳ್ಳ ಇಲಿಗಳಿಗೂ ಹಾವಿನ ವಿಷವನ್ನು ಕೊಟ್ಟು 2006ರಲ್ಲಿ ವಿದ್ವಾಂಸರು ಹೋಲಿಸಿ ನೋಡಿದರು. ಕಾವಲುಳ್ಳ ಇಲಿಗಳು ವಿಷವನ್ನು ಹೆಚ್ಚಾಗಿ ತಾಳಿಕೊಂಡುವು. ಆ ಕೋಶಗಳ ಕಣಗಳಲ್ಲಿದ್ದ ದ್ರವ್ಯವೇ ವಿಷವನ್ನು ಮುರಿದಿತ್ತು.