‘ಎಷ್ಟು ಜನರನ್ನ ಹೊಡೆದಿದ್ದೀರಿ?’

ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡಿನಲ್ಲೋ ಯಾವುದಾದರೂ ದೊಡ್ಡ ಕಂಪನಿಯ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ಕೋಲಿಗೆ ಸಿಕ್ಕಿಸಿದ ಕನ್ನಡಿಯನ್ನು ಕಾರಿನಡಿಗೆ ತೂರಿಸುವ, ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಳ್ಳುವ ಗಾರ್ಡುಗಳ ನಡುವೆ ನೆಟ್ಟಗೆ ನಿಂತ, ಬೂಟಿನ ಪಾಲಿಶ್ ಮಾಸದ ಒಬ್ಬರಾದರೂ ಇರುತ್ತಾರೆ. ಉಳಿದವರು ಅವರನ್ನು ‘ಸಾಹೇಬ್ರು’ ಎನ್ನುತ್ತಾರೆ. ಬೆಳಗಾವಿ, ಧಾರವಾಡ, ಹಾಸನ, ಕೊಡಗು ಕಡೆಯ ಮಾಜಿ ಸೈನಿಕರು. ಹದಿನೆಂಟು ಇಪ್ಪತ್ತರ ವಯಸ್ಸಿಗೆ ಸೇನೆ ಸೇರಿ, ಹದಿನೈದು ಹದಿನೇಳು ವರ್ಷ ದುಡಿದು, ನಲವತ್ತು ತುಂಬುವ ಮೊದಲೇ ನಿವೃತ್ತರಾದವರು. ಮಕ್ಕಳ ಓದು, ಮನೆ ಬಾಡಿಗೆಗೆ ಪಿಂಚಣಿಯೊಂದೇ ಸಾಲದೆ ಮತ್ತೆ ಸಮವಸ್ತ್ರ ತೊಟ್ಟವರು. ಇವರು ಮಿಲಿಟರಿಯವರು ಎಂದು ಗೊತ್ತಾದೊಡನೆ ಒಳಗಿನ ಹುಡುಗರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಅಂಕಲ್, ಎಷ್ಟು ಜನರನ್ನ ಹೊಡೆದಿದ್ದೀರಿ?”

ಇದಕ್ಕೆ ಏನು ಉತ್ತರ ಕೊಡುತ್ತೀರಿ ಎಂದು ಗೋಕಾಕ ಕಡೆಯ ಒಬ್ಬ ನಿವೃತ್ತ ಹವಾಲ್ದಾರರನ್ನು ಕೇಳಿದೆ. “ನಾ ಏಎಸ್‌ಸಿಯೊಳಗ ಡ್ರೈವರ್ ಇದ್ದೆ ರೀ ಸರ್. ಹದಿನೇಳ ವರ್ಷದಾಗ ವೈರಿ ಮ್ಯಾಲೆ ಒಂದ ಗುಂಡೂ ಹಾರಿಸಿಲ್ಲ. ಹಂಗ ಹೇಳಿದ್ರ ಹುಡುಗರ ಮಾರಿ ಸಪ್ಪಗಾಗ್ತದ. ಅದಕ್ಕ ನಕ್ಕೊಂತ ಸುಮ್ಮನಾಗಿಬಿಡ್ತೀನಿ” ಅಂದರು. ಏಎಸ್‌ಸಿ ಎಂದರೆ ಸೇನೆಯ ಸರಬರಾಜು ದಳ. ಅವರು ಶ್ರೀನಗರದಿಂದ ಲೇಹ್‌ಗೆ ಸೀಮೆಎಣ್ಣೆ, ಅಕ್ಕಿ, ಬೇಳೆ ಸಾಗಿಸುತ್ತಿದ್ದರು. ಕಾನ್ವಾಯ್ ಹೊರಡುವ ಮೊದಲು ಹೆಪ್ಪುಗಟ್ಟಿದ ಡೀಸೆಲ್ ಕರಗಲು ಟ್ಯಾಂಕಿನ ಕೆಳಗೆ ಬೆಂಕಿ ಹಿಡಿಯಬೇಕಿತ್ತು. ಒಂದು ಸಲ ಜೋಜಿ ಲಾ ಇಳಿಜಾರಿನಲ್ಲಿ ಮುಂದಿನ ಗಾಡಿ ಜಾರಿ ಕಣಿವೆಗೆ ಹೋಯಿತಂತೆ. ಅದರಲ್ಲಿದ್ದವನು ಬೆಂಗಳೂರಿನ ಸೆಂಟರಿನಲ್ಲಿ ಇವರ ಜೊತೆಗೇ ತರಬೇತಿ ಪಡೆದವನು. ಆ ಸಾವಿಗೆ ವೈರಿ ಎನ್ನುವವರು ಯಾರೂ ಇರಲಿಲ್ಲ.

ಹುಡುಗರ ಸಪ್ಪಗಾಗುವ ಮುಖದ ಬಗ್ಗೆ ನಾವು ಯೋಚಿಸಬೇಕು. ಸೈನಿಕ ಎಂದರೆ ಕೊಲ್ಲುವವನು ಎಂದು ನಂಬಿದ ಮನಸ್ಸಿಗೆ ಕೊಲ್ಲದ ಸೈನಿಕ ಅರ್ಧ ಸೈನಿಕನಂತೆ ಕಾಣುತ್ತಾನೆ. ಈ ನಂಬಿಕೆ ಅವರಿಗೆ ಬಂದದ್ದು ಸಿನಿಮಾದಿಂದ, ಟೀವಿಯಿಂದ, ಕಚೇರಿಯ ಮಾತಿನಿಂದ. ಸಾಫ್ಟ್‌ವೇರ್ ಬಿಡುಗಡೆಯ ವಾರದಲ್ಲಿ ಮೀಟಿಂಗ್ ಕೋಣೆಗೆ ‘ವಾರ್ ರೂಮ್’ ಎಂಬ ಹೆಸರು ಬೀಳುತ್ತದೆ. 2019ರಲ್ಲಿ ‘ಉರಿ’ ಸಿನಿಮಾ ಬಂದ ಮೇಲೆ ಅದರ ಡೈಲಾಗು ಕಂಪನಿಗಳ ಟೌನ್‌ಹಾಲ್ ಸಭೆಗಳಲ್ಲೂ ಮೊಳಗಿತು. ಯುದ್ಧದ ಮಾತು ಒಳಗೆ ಎ.ಸಿ. ಕೋಣೆಯಲ್ಲಿ ನಡೆಯುತ್ತದೆ, ಯುದ್ಧದ ಇಲಾಖೆಯಲ್ಲಿ ದುಡಿದು ಬಂದವರು ಹೊರಗೆ ಬಿಸಿಲಿನಲ್ಲಿ ನಿಂತಿರುತ್ತಾರೆ. ಎರಡರ ನಡುವೆ ಮಾತುಕತೆಯೇ ಇಲ್ಲ.

ಸೇನೆಯ ಬಹುಪಾಲು ಕೆಲಸ, ಕೆಲಸವೇ. ಅಡುಗೆ, ಸಾಗಣೆ, ರಿಪೇರಿ, ತಂತಿ ಎಳೆಯುವುದು, ಸೇತುವೆ ಕಟ್ಟುವುದು, ರಾತ್ರಿಯಿಡೀ ಎಚ್ಚರವಿದ್ದು ಏನೂ ಆಗದಂತೆ ಕಾಯುವುದು. ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಮುಂದೆ ನಿಲ್ಲುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲೇ ಪಕ್ಕದ ಜಾಲಹಳ್ಳಿಯ ವಾಯುಪಡೆ ಕೇಂದ್ರದಲ್ಲಿ ತಲೆಮಾರುಗಳಿಂದ ತಂತ್ರಜ್ಞರು ತಯಾರಾಗಿದ್ದಾರೆ. ವಿಮಾನ ಹಾರಿಸುವವನೊಬ್ಬನ ಹಿಂದೆ ಸ್ಪ್ಯಾನರ್ ಹಿಡಿದ ಹತ್ತಾರು ಕೈಗಳಿವೆ. ಪ್ರಸಿದ್ಧ ಕದನಗಳೂ ಇದಕ್ಕೆ ಹೊರತಲ್ಲ. 1948ರ ನವೆಂಬರ್ 1ರಂದು ಕೊಡಗಿನ ಜನರಲ್ ತಿಮ್ಮಯ್ಯ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ನುಗ್ಗಿಸಿದ ಕಥೆ ನಮಗೆಲ್ಲ ಗೊತ್ತು. ಹನ್ನೊಂದು ಸಾವಿರ ಅಡಿಗೂ ಎತ್ತರದಲ್ಲಿ ಟ್ಯಾಂಕು ಕಂಡ ಎದುರಾಳಿ ಕಂಗಾಲಾದದ್ದು ನಿಜ. ಆದರೆ ಬಾಲ್ತಾಲ್‌ನಿಂದ ಮೇಲೆ ಹೇಸರಗತ್ತೆಗಳ ಕಾಲುದಾರಿಯನ್ನು ಚಳಿಯಲ್ಲಿ ಅಗೆದು, ಟ್ಯಾಂಕು ಹತ್ತುವಷ್ಟು ಅಗಲ ಮಾಡಿದವರು ನಮ್ಮ ಹಲಸೂರಿನ ಮದ್ರಾಸ್ ಸ್ಯಾಪರ್‌ಗಳು. ಗುದ್ದಲಿ ಮೊದಲು ಹೋಯಿತು, ಟ್ಯಾಂಕು ಆಮೇಲೆ. ಅದೇ ತಿಮ್ಮಯ್ಯ 1953ರಲ್ಲಿ ಕೊರಿಯಾಕ್ಕೆ ಹೋದದ್ದು ಯುದ್ಧ ಮಾಡಲಿಕ್ಕಲ್ಲ. ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಕಾಯ್ದು, ಅವರ ವಿಚಾರ ಇತ್ಯರ್ಥ ಮಾಡುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ. ಎರಡೂ ಬಣಗಳ ಸಿಟ್ಟು ಎದುರಿಸಿ, ಗುಂಡು ಹಾರದಂತೆ ನೋಡಿಕೊಳ್ಳುವುದೇ ಅಲ್ಲಿ ಅವರ ಶೌರ್ಯವಾಗಿತ್ತು.

ಇನ್ನು ಸಾವಿನ ವಿಚಾರ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಜನ ಅದರಡಿ ಸಿಕ್ಕಿಕೊಂಡರು. ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್ ಕೂಡ ಅವರಲ್ಲಿದ್ದರು. ಆರು ದಿನಗಳ ಮೇಲೆ, 25 ಅಡಿಗೂ ಆಳದ ಹಿಮದಿಂದ ಹನುಮಂತಪ್ಪನವರನ್ನು ಜೀವಂತ ತೆಗೆದರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ವಾರ ನಾಡಿನ ಗುಡಿ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆ ನಡೆಯಿತು. ಆ ಕಳಕಳಿ ಪ್ರಾಮಾಣಿಕವಾದದ್ದು. ಆದರೆ ನಾವು ಪವಾಡದ ಬಗ್ಗೆ ಮಾತಾಡಿದಷ್ಟು ಆ ಠಾಣೆಯ ದಿನಚರಿಯ ಬಗ್ಗೆ ಮಾತಾಡಲಿಲ್ಲ. ಹಿಮ ಕರಗಿಸಿ ಕುಡಿಯಬೇಕು. ಸೀಮೆಎಣ್ಣೆ ಒಲೆಯ ಮಸಿಯಲ್ಲೇ ಉಸಿರಾಡಬೇಕು. ಹಸಿವು ಸಾಯುತ್ತದೆ, ನಿದ್ದೆ ಹಾರಿಹೋಗುತ್ತದೆ, ನೆನಪು ಮಂಕಾಗುತ್ತದೆ, ಕೈಬೆರಳು ಕಾಲ್ಬೆರಳು ಕಪ್ಪಾದರೆ ಕತ್ತರಿಸಬೇಕಾಗುತ್ತದೆ. ಗಸ್ತಿಗೆ ಹೋಗುವಾಗ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಳ್ಳುತ್ತಾರೆ, ಹಿಮದ ಬಿರುಕಿನಲ್ಲಿ ಒಬ್ಬ ಬಿದ್ದರೆ ಉಳಿದವರು ಎಳೆಯಲಿ ಎಂದು. 1984ರ ಏಪ್ರಿಲ್‌ನಲ್ಲಿ ಸೇನೆ ಅಲ್ಲಿಗೆ ಏರಿದಂದಿನಿಂದ ಗುಂಡಿಗಿಂತ ಹವೆಗೆ ಬಲಿಯಾದವರೇ ಹೆಚ್ಚು. 2003ರ ನವೆಂಬರ್‌ನಲ್ಲಿ ಕದನವಿರಾಮವಾಯಿತು, ಹಿಮಕ್ಕೆ ವಿರಾಮವಿರಲಿಲ್ಲ. ಹನುಮಂತಪ್ಪನವರು ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಠಿಣ ಪ್ರದೇಶಗಳಲ್ಲೇ ಇದ್ದವರು. ಆ ಹತ್ತು ವರ್ಷ ಹಿಮದಡಿಯ ಆರು ದಿನಗಳಷ್ಟೇ ದೊಡ್ಡವು ಎಂದು ನಾನು ತಿಳಿದಿದ್ದೇನೆ.

ನಿಜವಾದ ಕಾಳಗವೂ ನಾವು ತೆರೆಯ ಮೇಲೆ ನೋಡಿದಂತೆ ಇರುವುದಿಲ್ಲ. ಬೆಂಗಳೂರಿನಲ್ಲಿ ಬೆಳೆದ ಎನ್‌ಎಸ್‌ಜಿಯ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರು 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯಲ್ಲಿ ಮೃತಪಟ್ಟದ್ದು ಗುಂಡಿನ ಚಕಮಕಿಯಲ್ಲಿ ಅಲ್ಲ. ಸತ್ತ ಉಗ್ರನ ಮೈಮೇಲಿದ್ದ ಗ್ರೆನೇಡ್ ಸಿಡಿದು. ಎಲ್ಲ ಮುಗಿಯಿತು ಎಂದು ಹೊರಗಿನವರಿಗೆ ಅನಿಸಿದ ಹೊತ್ತಿನಲ್ಲಿ ಬಾಂಬು ದಳದವರ ಕೆಲಸ ಶುರುವಾಗಿರುತ್ತದೆ. ಆ ಕೆಲಸದಲ್ಲಿ ಆರ್ಭಟಕ್ಕೆ ಜಾಗವಿಲ್ಲ. 2023ರ ನವೆಂಬರ್‌ನಲ್ಲಿ ರಜೌರಿಯ ಕಾಳಗದಲ್ಲಿ ಮಡಿದ ಐವರಲ್ಲಿ ಒಬ್ಬರಾದ ಕ್ಯಾಪ್ಟನ್ ಪ್ರಾಂಜಲ್ ಅವರಿಗೆ 29 ವರ್ಷ. ಜಿಗಣಿಯ ಅವರ ಮನೆಗೆ ಶವಪೆಟ್ಟಿಗೆ ಬಂದಾಗ ಎಲೆಕ್ಟ್ರಾನಿಕ್ ಸಿಟಿ ಆಸುಪಾಸಿನ ಜನ ರಸ್ತೆಯ ಇಕ್ಕೆಲಗಳಲ್ಲಿ ನಿಂತು ಹೂವು ಹಾಕಿದರು. ಇಪ್ಪತ್ತೊಂಬತ್ತು ಎಂದರೆ ಆ ರಸ್ತೆಯಲ್ಲಿ ದಿನಾ ಕಂಪನಿ ಬಸ್ಸಿಗೆ ಕಾಯುವ ಹುಡುಗರ ವಯಸ್ಸು.

ಬದುಕಿ ಬಂದವರ ಕಷ್ಟ ಬೇರೆ ತೆರನದು. ಮೊದಲ ಮಹಾಯುದ್ಧದಲ್ಲಿ ಶೆಲ್ಲುಗಳ ಸದ್ದಿಗೆ ನಡುಗಿ ಮಾತು ಕಳೆದುಕೊಂಡವರನ್ನೂ ಹೇಡಿಗಳೆಂದು ಕರೆದರು. ಹೇಡಿತನ, ಪಲಾಯನ ಮುಂತಾದ ಆರೋಪದ ಮೇಲೆ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ 306 ಜನರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಯುದ್ಧದ ಆಘಾತವನ್ನು ಒಂದು ಕಾಯಿಲೆಯೆಂದು ಅಮೆರಿಕದ ಮನೋವೈದ್ಯರ ಕೈಪಿಡಿ ಈಗಿನ ಹೆಸರಿನಲ್ಲಿ ಒಪ್ಪಿಕೊಂಡದ್ದೇ 1980ರಲ್ಲಿ. ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ಊರಿನಲ್ಲಿದ್ದೂ, ಪಟಾಕಿ ಸದ್ದಿಗೆ ಬೆಚ್ಚುವ ಮಾಜಿ ಸೈನಿಕ ವೈದ್ಯರ ಬಳಿ ಹೋಗಲು ನಾಚುತ್ತಾನೆ. ಭಯ ಅರಿಯದವನು ಎಂದು ನಾವು ಅವನಿಗೆ ತೊಡಿಸಿದ ಅಂಗಿಯೇ ಅದಕ್ಕೆ ಕಾರಣ.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಯುದ್ಧರಂಗದಲ್ಲಿ ಬಹುಪಾಲು ಸೈನಿಕರು ಗುಂಡನ್ನೇ ಹಾರಿಸುವುದಿಲ್ಲ ಎಂದು ಅಮೆರಿಕದ ಎಸ್.ಎಲ್.ಎ. ಮಾರ್ಷಲ್ 1947ರಲ್ಲಿ ಬರೆದದ್ದನ್ನು ಶಾಂತಿಪ್ರಿಯರು ಇಂದಿಗೂ ಉಲ್ಲೇಖಿಸುತ್ತಾರೆ. ಆತನ ಅಂಕಿಗಳಿಗೆ ಗಟ್ಟಿ ಆಧಾರವಿರಲಿಲ್ಲ ಎಂದು ಮುಂದಿನ ಇತಿಹಾಸಕಾರರು ತೋರಿಸಿದ್ದಾರೆ. ವೀರಪುರಾಣದ ಜಾಗದಲ್ಲಿ ನಮಗೆ ಹಿತವೆನಿಸುವ ಇನ್ನೊಂದು ಪುರಾಣ ಕಟ್ಟುವುದು ವಿಚಾರವಂತಿಕೆಯಲ್ಲ. ಸೈನಿಕರು ಕೊಲ್ಲುತ್ತಾರೆ, ಕೊಲ್ಲಬೇಕಾಗಿಯೂ ಬರುತ್ತದೆ. ಕೊಂದವರಲ್ಲಿ ಕೆಲವರು ಅದನ್ನು ಹೊತ್ತು ನಡೆಯುತ್ತಾರೆ, ಕೆಲವರು ಮರೆಯುತ್ತಾರೆ. ಅವರವರ ಅನುಭವ ಅವರವರದು. ಕೇಳಿಸಿಕೊಳ್ಳದೆ ತೀರ್ಮಾನ ಕೊಡುವ ಹಕ್ಕು ನಮಗಿಲ್ಲ.

ಯುದ್ಧದ ಬಗೆಗಿನ ನಮ್ಮ ಅಜ್ಞಾನದ ಬೆಲೆಯನ್ನು ಸೈನಿಕನೊಬ್ಬನೇ ತೆರುವುದಿಲ್ಲ. 2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ಸಂಘರ್ಷ ನಡೆದ ಆ ನಾಲ್ಕು ದಿನಗಳನ್ನು ನೆನೆಯಿರಿ. ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದ ಕ್ರೌರ್ಯಕ್ಕೆ ದೇಶ ಕುದಿಯುತ್ತಿತ್ತು. ಸತ್ತವರಲ್ಲಿ ಶಿವಮೊಗ್ಗದವರು, ಬೆಂಗಳೂರಿನವರು ಇದ್ದರು. ಆ ನೋವು ನ್ಯಾಯವಾದದ್ದು. ಆದರೆ ಒಂದು ರಾತ್ರಿ ವಾಹಿನಿಗಳು ಕರಾಚಿ ಬಂದರು ನಾಶವಾಯಿತೆಂದು ಸಾರಿದವು, ಅದು ಸುಳ್ಳಾಗಿತ್ತು. ಸ್ಟುಡಿಯೋದಲ್ಲಿ ವಾಯುದಾಳಿಯ ಸೈರನ್ ಬಳಸಬೇಡಿ ಎಂದು ಸರ್ಕಾರವೇ ವಾಹಿನಿಗಳಿಗೆ ಹೇಳಬೇಕಾಯಿತು. ಗಡಿಯ ಹಳ್ಳಿಯವರು ಪ್ರಾಣ ಉಳಿಸಿಕೊಳ್ಳಲು ಕಿವಿಗೊಡುವ ಸದ್ದನ್ನು ನಾವು ಸೋಫಾದಲ್ಲಿ ಕುಳಿತು ರೋಮಾಂಚನಕ್ಕಾಗಿ ಕೇಳಿದೆವು. ಯುದ್ಧ ಹೇಗಿರುತ್ತದೆ ಎಂದು ತಿಳಿಯದವರು ಯುದ್ಧವನ್ನು ಸುಲಭವಾಗಿ ಬೇಡುತ್ತಾರೆ.

ಕಾಳಗದಲ್ಲಿ ಸತ್ತವರನ್ನು ಹಿಂದಿನವರು ಹೇಗೆ ನೆನೆದರು ಎಂಬುದನ್ನೂ ನೋಡಬಹುದು. ಎಲೆಕ್ಟ್ರಾನಿಕ್ ಸಿಟಿಯಿಂದ ಬಹಳ ದೂರವಿಲ್ಲದ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಬೆಂಗಳೂರು ಎಂಬ ಹೆಸರು ಸಿಗುವ ಅತಿ ಹಳೆಯ ದಾಖಲೆ ಅದು. ಹೆಸರು ಬರುವುದೇ ಒಂದು ಕಾಳಗದ ಪ್ರಸ್ತಾಪದಲ್ಲಿ, ಅಲ್ಲಿ ಸತ್ತವನ ನೆನಪಿನಲ್ಲಿ. ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಹೋರಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಲೋಕ. ಊರಿನ ದನಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯರಿಗೂ ಅಂಥ ಕಲ್ಲು ನಿಲ್ಲಿಸಿದ್ದಾರೆ. ಜೊತೆಗೆ ಸತ್ತವನ ಮನೆಯವರ ಜೀವನಕ್ಕೆ ನೆತ್ತರುಗೊಡಗೆ ಎಂದು ಭೂಮಿಯನ್ನೂ ಬಿಡುತ್ತಿದ್ದರು. ಅಪ್ಸರೆಯರ ಮಾತನ್ನು ನಂಬಲು ನನಗೆ ಕಾರಣವಿಲ್ಲ. ಆದರೆ ಹಿಂದೆ ಉಳಿದವರು ಉಣ್ಣಬೇಕು ಎಂಬ ಲೆಕ್ಕ ಆ ಕಾಲದವರಿಗೆ ಇತ್ತು, ಅದನ್ನು ಗೌರವಿಸುತ್ತೇನೆ.

ಹೀಗೆಲ್ಲ ಬಿಚ್ಚಿ ಹೇಳಿದರೆ ಸೇನೆಗೆ ಯಾರು ಸೇರುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಬೆಳಗಾವಿ, ಧಾರವಾಡದ ಹಳ್ಳಿಗಳಲ್ಲಿ ಬೆಳಗಿನ ಜಾವ ಓಡಿ ಭರ್ತಿಗೆ ತಯಾರಾಗುವ ಹುಡುಗರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಅವರ ಮನೆಯಲ್ಲೋ ಓಣಿಯಲ್ಲೋ ಸೇನೆಯಿಂದ ಬಂದವರಿದ್ದಾರೆ. ಸಂಬಳ, ಮರ್ಯಾದೆ, ದೇಶದ ಮೇಲಿನ ಪ್ರೀತಿ ಎಲ್ಲವನ್ನೂ ತೂಗಿ, ತಿಳಿದೇ ಹೋಗುತ್ತಾರೆ. ತಿಳಿಯದೆ ಉಳಿದವರು ನಾವು, ನಗರದವರು. ಸತ್ಯ ಹೇಳಿದರೆ ಕುಗ್ಗುವ ಗೌರವ ಮೊದಲೇ ಟೊಳ್ಳಾಗಿತ್ತು ಎಂದಷ್ಟೇ ಅರ್ಥ.

2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಮೊದಲ ತಂಡಗಳ ನಾಲ್ಕು ವರ್ಷದ ಅವಧಿ 2026ರ ಕೊನೆಯ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಸೇನೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರನ್ನು. ಉಳಿದವರು ಸುಮಾರು ₹11.71 ಲಕ್ಷ ಸೇವಾನಿಧಿಯೊಂದಿಗೆ, ಪಿಂಚಣಿಯಿಲ್ಲದೆ, ಇಪ್ಪತ್ತರ ಹರೆಯದಲ್ಲೇ ಮನೆಗೆ ಬರುತ್ತಾರೆ. ಅವರಲ್ಲಿ ಅನೇಕರು ಕೆಲಸ ಹುಡುಕಿಕೊಂಡು ಈ ಬಡಾವಣೆಗಳಿಗೇ ಬರುವವರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಮಾಲೀಕರಲ್ಲಿ, ನೇಮಕಾತಿ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟು: ಸೇನೆಯ ಸಂಪರ್ಕ ದಳವಾದ ಸಿಗ್ನಲ್ಸ್‌ನಲ್ಲಿದ್ದವನಿಗೆ ನೆಟ್‌ವರ್ಕ್ ಕೆಲಸ, ರಿಪೇರಿ ದಳವಾದ ಇಎಂಇಯಲ್ಲಿ ಕಲಿತವನಿಗೆ ವರ್ಕ್‌ಶಾಪಿನ ಕೆಲಸ, ಸಾಗಣೆ ನಡೆಸಿದವನಿಗೆ ಗೋದಾಮಿನ ಹೊಣೆ ಕೊಟ್ಟು ನೋಡಿ. ಗೇಟಿನಲ್ಲಿ ಈಗಾಗಲೇ ಇರುವವರಿಗೆ ಹನ್ನೆರಡು ಗಂಟೆಯ ಬದಲು ಎಂಟು ಗಂಟೆಯ ಪಾಳಿ, ನ್ಯಾಯವಾದ ಸಂಬಳ, ಕೂರಲು ಒಂದು ಕುರ್ಚಿ ಕೊಡಿ.