ಇಂದಿನ ಚಿಂತನೆ: ಬಸ್ಸಿನಲ್ಲಿ ಕೇಳಿದ ಪ್ರಶ್ನೆ



ನಮ್ಮ ಕೇರಿ ಹುಡುಗರ ಹಾಕಿ ತಂಡವನ್ನು ಮೈಸೂರಿನಿಂದ ಪೊನ್ನಂಪೇಟೆಯ ಟೂರ್ನಿಗೆ ಕರೆದೊಯ್ದಿದ್ದೆ. ಮಣ್ಣಿನ ಮೈದಾನದಲ್ಲೇ ಆಡಿ ಬೆಳೆದ ಮಕ್ಕಳು; ಟರ್ಫ್ ಮೇಲೆ ಚೆಂಡು ಹೇಗೆ ಓಡುತ್ತದೋ ಎಂದು ದಾರಿಯುದ್ದಕ್ಕೂ ಅದೇ ಮಾತು. ಹುಣಸೂರಿನಲ್ಲಿ ಹತ್ತಿದ ಹಿರಿಯರೊಬ್ಬರು ಸ್ಟಿಕ್‌ಗಳನ್ನು ನೋಡಿ ಖುಷಿಪಟ್ಟು, ಚೀಲದಿಂದ ಕಿತ್ತಳೆ ತೆಗೆದು ಹಂಚತೊಡಗಿದರು. ನಡುವೆ ನನ್ನ ಕಡೆ ತಿರುಗಿ, "ನೀವು ಯಾವ ಜನ ಮೇಷ್ಟ್ರೇ?" ಎಂದರು.

"ಮೈಸೂರಿನವರು ಯಜಮಾನ್ರೇ," ಎಂದೆ.

ಸುಳ್ಳೇನಲ್ಲ. ಆದರೆ ಅವರು ಕೇಳಿದ್ದು ಊರನ್ನಲ್ಲ ಎಂದು ನನಗೂ ಗೊತ್ತಿತ್ತು, ಹುಡುಗರಿಗೂ ಗೊತ್ತಿತ್ತು. ಪ್ರತಿ ಭಾನುವಾರ ನಾಲ್ಕನೆಯ ಶೀಲವನ್ನು ಅವರಿಗೆ ಹೇಳಿಕೊಡುವವನು ನಾನೇ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಸುಳ್ಳು ಹೇಳುವುದಿಲ್ಲ ಎಂಬುದಿದೆ. ಬಾಯಿಪಾಠ ಸುಲಭ.

ಪ್ಯಾಡಿನ ಮೂಟೆ ತೊಡೆಯ ಮೇಲಿಟ್ಟುಕೊಂಡಿದ್ದ ನಮ್ಮ ಗೋಲ್‌ಕೀಪರ್, "ಬೌದ್ಧರು ತಾತ," ಎಂದ.

ಚೀಲದೊಳಗೆ ಹೋಗಿದ್ದ ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಹಣ್ಣು ಬಂತು; ಮಾತು ಬರಲಿಲ್ಲ.

ಮೂರು ಗೋಲಿನಿಂದ ಸೋತೆವು. ವಾಪಸ್ ಬರುವಾಗ ಅವನ ಪಕ್ಕ ಕೂತು, "ತಪ್ಪಾಯ್ತು ಕಣೋ," ಎಂದೆ.

"ಗೋಲ್ ಬಿಟ್ಟಿದ್ದು ನಾನಲ್ವಾ ಸಾರ್," ಎಂದ.

ಭವತು ಸಬ್ಬ ಮಂಗಲಂ.